ವೈರ್: ‘ಪಿಂಕ್ ಫ್ಲ್ಯಾಗ್’ ತುಂಬಾ ಇಷ್ಟ, ‘ಚೇರ್ಸ್ ಮಿಸ್ಸಿಂಗ್’ ಒಳಗೆ ಹೋಗಲು ಆಗುತ್ತಿಲ್ಲ. ಎಲ್ಲಿಂದ ಕೇಳಲಿ?

ಅರ್ಧನಿಮಿಷ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಪಂಕ್ (ವೇಗದ, ಒರಟು ರಾಕ್) ಬ್ಯಾಂಡ್ ವೈರ್ ಅನ್ನು ಚೆನ್ನಾಗಿ ಕೇಳಿರುವವರಿಗೆ ಒಂದು ಪ್ರಶ್ನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ಎರಡು ತಿಂಗಳಿಂದ ನನಗೆ ‘ಪಿಂಕ್ ಫ್ಲ್ಯಾಗ್’ ಹುಚ್ಚು ಹಿಡಿದಿದೆ. 1977ರ ಆಲ್ಬಂ. 21 ಹಾಡು, ಎಲ್ಲ ಸೇರಿ 35 ನಿಮಿಷದ ಆಸುಪಾಸು. ಅದರಲ್ಲಿ ‘ಫೀಲ್ಡ್ ಡೇ ಫಾರ್ ದ ಸಂಡೇಸ್’ ಅರ್ಧ ನಿಮಿಷವೂ ಇಲ್ಲ. ಒಂದು ಕಾಲಿನ ಶೂ ಲೇಸ್ ಕಟ್ಟುವಾಗ ಶುರುವಾದರೆ ಇನ್ನೊಂದು ಕಾಲಿಗೆ ಬರುವಷ್ಟರಲ್ಲಿ ಮುಗಿದಿರುತ್ತದೆ. ಆದರೂ ಅರ್ಧಕ್ಕೆ ಬಿಟ್ಟ ಹಾಗೆ ಅನ್ನಿಸುವುದಿಲ್ಲ. ಹೇಳಬೇಕಾದ್ದು ಹೇಳಿದರು, ಎದ್ದು ಹೋದರು, ಅಷ್ಟೇ. ನನಗೆ ಈ ಬ್ಯಾಂಡ್ ಹಿಡಿಸಿದ್ದೇ ಅದಕ್ಕೆ.

ಹೋದ ವಾರ ಎರಡನೇ ಆಲ್ಬಂ ‘ಚೇರ್ಸ್ ಮಿಸ್ಸಿಂಗ್’ ಹಾಕಿದೆ. 1978ರದ್ದು. ಮಧ್ಯೆ ಪೂರ್ತಿ ಒಂದು ವರ್ಷವೂ ಇಲ್ಲ. ಅದೇ ನಾಲ್ಕು ಜನ, ಅದೇ ಪ್ರೊಡ್ಯೂಸರ್ ಮೈಕ್ ಥಾರ್ನ್. ಆದರೆ ಗೊತ್ತಿರುವ ಮನೆ ಅಂತ ಬಾಗಿಲು ತಟ್ಟಿದರೆ ಯಾರೋ ಬೇರೆಯವರು ಬಂದು ತೆಗೆದ ಹಾಗಾಯಿತು. ಗಿಟಾರ್ ಎಲ್ಲೋ ಹಿಂದೆ ಸರಿದಿದೆ. ಸಿಂಥ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್) ಬಂದಿದೆ. ಹಾಡುಗಾರ ಕಾಲಿನ್ ನ್ಯೂಮನ್ ಕೂಗುವುದು ಬಿಟ್ಟು ಕಿವಿಯ ಹತ್ತಿರ ಬಂದು ಪಿಸುಗುಡುತ್ತಾರೆ. ‘ಹಾರ್ಟ್‌ಬೀಟ್’ನಲ್ಲಿ ಈಗ ಸಿಡಿಯುತ್ತದೆ, ಈಗ ಸಿಡಿಯುತ್ತದೆ ಅಂತ ಕಾದೆ. ಸಿಡಿಯಲೇ ಇಲ್ಲ. ‘ಮರ್ಸಿ’ ಹತ್ತಿರ ಹತ್ತಿರ ಆರು ನಿಮಿಷ ಇದೆ! ಮೊದಲ ಆಲ್ಬಂನಲ್ಲಿ ಅಷ್ಟು ಹೊತ್ತಿಗೆ ನಾಲ್ಕೈದು ಹಾಡು ಮುಗಿಸಿಬಿಡುತ್ತಿದ್ದರು.

ನಾಲ್ಕು ಸಲ ಪೂರ್ತಿ ಕೇಳಿದ್ದೇನೆ. ಕೆಟ್ಟದಾಗಿದೆ ಅಂತ ಹೇಳುತ್ತಿಲ್ಲ. ಅಲ್ಲಿ ಏನೋ ನಡೆಯುತ್ತಿದೆ ಅಂತ ಗೊತ್ತಾಗುತ್ತದೆ, ಆದರೆ ನನ್ನನ್ನು ಯಾರೂ ಒಳಗೆ ಕರೆಯುತ್ತಿಲ್ಲ. ಇಷ್ಟು ಬೇಗ ಯಾಕೆ ಇಷ್ಟು ಬದಲಾದರು? ಯಾರಾದರೂ ಬದಲಾಗಿ ಅಂತ ಹೇಳಿದರಾ? ಮತ್ತೆ, ಮೊದಲ ಆಲ್ಬಂ ಇಷ್ಟಪಟ್ಟವರು ಇದನ್ನು ಯಾವ ಹಾಡಿನಿಂದ ಶುರು ಮಾಡಬೇಕು?

ಸಡಿಲತಂತಿ ಉತ್ತರಿಸಿದ್ದು:

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ನನಗೂ ಹೀಗೇ ಆಗಿತ್ತು. ‘ಚೇರ್ಸ್ ಮಿಸ್ಸಿಂಗ್’ ಸಿಡಿ ತಂದು ಮೂರು ಸಲ ಕೇಳಿ ಕಪಾಟಿನಲ್ಲಿ ಇಟ್ಟವನು ಎರಡು ವರ್ಷ ಮುಟ್ಟಲಿಲ್ಲ. ಮತ್ತೆ ತೆಗೆದದ್ದು ಗಿಟಾರ್ ನೆವದಿಂದ. ಆ ಕಥೆ ಹೇಳಿಬಿಡುತ್ತೇನೆ, ನಿಮ್ಮ ಪ್ರಶ್ನೆಗೆ ಅದರಲ್ಲೇ ಅರ್ಧ ಉತ್ತರ ಇದೆ.

ನಾನು ಹೊಸದಾಗಿ ಒಂದು ಫ್ಲ್ಯಾಂಜರ್ ಪೆಡಲ್ (ಗಿಟಾರ್ ಸದ್ದನ್ನು ಬದಲಿಸುವ ಪುಟ್ಟ ಪೆಟ್ಟಿಗೆ) ತಗೊಂಡಿದ್ದೆ. ಇದನ್ನು ಯಾರು ಹೇಗೆ ಬಳಸಿದ್ದಾರೆ ಅಂತ ಹುಡುಕುತ್ತಾ ‘ಐ ಆಮ್ ದ ಫ್ಲೈ’ ಹಾಡಿಗೆ ಬಂದೆ. ಅದರಲ್ಲಿ ಗಿಟಾರ್ ನಿಜವಾಗಲೂ ನೊಣದ ಹಾಗೆ ಗುಂಯ್‌ಗುಡುತ್ತದೆ. ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಪೆಡಲ್) ಮತ್ತು ಫ್ಲ್ಯಾಂಜರ್ ಸೇರಿಸಿ ಮಾಡಿದ ಸದ್ದು. ನಾನು ಮೊದಲು ಫ್ಲ್ಯಾಂಜರ್ ಹಾಕಿ, ಆಮೇಲೆ ಡಿಸ್ಟಾರ್ಷನ್ ಕೊಟ್ಟೆ. ಬರೀ ಕಲಸಿದ ಹಿಟ್ಟಿನಂಥ ಸದ್ದು ಬಂತು. ಕೇಬಲ್ ಕಿತ್ತು ಉಲ್ಟಾ ಮಾಡಿದೆ. ಗಿಟಾರ್‌ನಿಂದ ಡಿಸ್ಟಾರ್ಷನ್, ಅದರಿಂದ ಫ್ಲ್ಯಾಂಜರ್, ಆಮೇಲೆ ಆಂಪ್ಲಿಫೈಯರ್. ಒಂದೇ ಒಂದು ಸಲ ತಂತಿ ಮೀಟಿದೆ. ಕೋಣೆಯೊಳಗೆ ನೊಣ ಬಂತು!

ಕಾರಣ ಸರಳವಾಗಿದೆ. ಫ್ಲ್ಯಾಂಜರ್ ಮಾಡುವುದು ಇಷ್ಟೇ: ನೀವು ನುಡಿಸಿದ್ದರ ಒಂದು ನಕಲನ್ನು ಕೆಲವೇ ಮಿಲಿಸೆಕೆಂಡ್ ತಡ ಮಾಡಿ ಮೂಲದ ಜೊತೆ ಬೆರೆಸುತ್ತದೆ. ಆ ತಡ ಒಂದೇ ಸಮ ನಿಲ್ಲುವುದಿಲ್ಲ, ಹೆಚ್ಚು ಕಡಿಮೆ ಆಗುತ್ತಲೇ ಇರುತ್ತದೆ. ಎರಡೂ ಕೂಡಿದಾಗ ಸದ್ದಿನ ಕೆಲವು ಭಾಗ ಒಂದನ್ನೊಂದು ಅಳಿಸಿಹಾಕುತ್ತವೆ. ಅಳಿಸಿದ ಆ ಜಾಗಗಳು ಮೇಲೆ ಕೆಳಗೆ ಓಡಾಡುತ್ತವೆ. ನಮ್ಮ ಕಿವಿ ಹಿಡಿಯುವುದು ಆ ಓಡಾಟವನ್ನು. ಡಿಸ್ಟಾರ್ಷನ್ ಮೊದಲು ಬಂದರೆ ಸದ್ದು ತುಂಬಾ ದಟ್ಟವಾಗಿರುತ್ತದೆ, ಅಳಿಸಲು ಬೇಕಾದಷ್ಟು ಇರುತ್ತದೆ. ಹಾಗಾಗಿ ಓಡಾಟ ಚೆನ್ನಾಗಿ ಕೇಳುತ್ತದೆ.

ಅಂದರೆ ಆ ಹಾಡಿನ ನೊಣ ಇರುವುದು ಗಿಟಾರ್ ಸದ್ದು ಇಲ್ಲದ ಜಾಗದಲ್ಲಿ. ಇದು ಹೊಳೆದ ದಿನ ನಾನು ಪೂರ್ತಿ ಆಲ್ಬಂ ಮತ್ತೆ ಹಾಕಿದೆ. ಆವತ್ತು ಬೇರೆಯೇ ಕೇಳಿಸಿತು.

ವೈರ್ ಮೊದಲಿನಿಂದಲೂ ಮಾಡಿದ್ದು ಒಂದೇ ಕೆಲಸ. ಬೇಡದ್ದನ್ನು ತೆಗೆಯುವುದು. ಲಂಡನ್‌ನಲ್ಲಿ ಶುರು ಮಾಡಿದಾಗ ಅವರು ಐದು ಜನ ಇದ್ದರು. ಜಾರ್ಜ್ ಗಿಲ್ ಅನ್ನುವವರು ಲೀಡ್ ಗಿಟಾರ್ ನುಡಿಸುತ್ತಿದ್ದರು. ಅವರು ಹೊರಗೆ ಹೋದ ಮೇಲೆ ಸೋಲೋಗಳೂ (ಒಂದೇ ವಾದ್ಯ ಮುಂದೆ ಬಂದು ನುಡಿಸುವ ಭಾಗ) ಹೋದವು, ಅವರ ಹಾಡುಗಳೂ ಹೋದವು. ಉಳಿದ ನಾಲ್ವರು ಕಾಲಿನ್ ನ್ಯೂಮನ್, ಬ್ರೂಸ್ ಗಿಲ್ಬರ್ಟ್, ಗ್ರಹಾಂ ಲೂಯಿಸ್, ರಾಬರ್ಟ್ ಗೋಟೊಬೆಡ್. ಇನ್ನೂ ಏನೇನು ತೆಗೆಯಬಹುದು ಅಂತ ನೋಡುತ್ತಾ ಹೋದರು. ಸಾಹಿತ್ಯ ಮುಗಿದರೆ ಹಾಡು ಮುಗಿಯಿತು. ಸುಮ್ನೆ ಇನ್ನೊಂದು ಸಲ ಪಲ್ಲವಿಗೆ ಬರುವ ಪದ್ಧತಿ ಇಲ್ಲ. ನೀವು ಹೇಳಿದ ಅರ್ಧ ನಿಮಿಷದ ಹಾಡು ಹುಟ್ಟಿದ್ದು ಹೀಗೆ. ಬೇಗ ಮುಗಿಸಬೇಕು ಅಂತ ಗಡಿಯಾರ ಹಿಡಿದು ಮಾಡಿದ್ದಲ್ಲ.

ಸರಿ, ಎರಡನೇ ಆಲ್ಬಂಗೆ ಬಂದಾಗ ಇನ್ನೇನು ಉಳಿದಿತ್ತು ತೆಗೆಯಲು? ವೇಗ ಮತ್ತು ಗೋಡೆಯಂಥ ದಟ್ಟ ಗಿಟಾರ್ ಸದ್ದು. ಎರಡನ್ನೂ ತೆಗೆದರು. ನೀವು ಯಾವುದನ್ನು ಮೊದಲ ಆಲ್ಬಂನ ಜೀವ ಅಂದುಕೊಂಡಿದ್ದೀರೋ ಅದನ್ನೇ ತೆಗೆದಿದ್ದಾರೆ, ಅದಕ್ಕೇ ನಿಮಗೆ ಮನೆ ಬದಲಾದ ಹಾಗಾಗಿದ್ದು. ನನಗೂ ಅದೇ ಆಗಿದ್ದು. ಹಾಗೆ ಖಾಲಿಯಾದ ಜಾಗದಲ್ಲಿ ಥಾರ್ನ್ ಅವರ ಕೀಬೋರ್ಡ್ ಬಂದು ಕೂತಿದೆ.

ಆಲ್ಬಂ ಹೆಸರನ್ನೂ ನೋಡಿ. ಒಬ್ಬರಿಗೆ ತಲೆ ಸ್ವಲ್ಪ ಸರಿಯಿಲ್ಲ ಅನ್ನಲು ಇಂಗ್ಲಿಷಿನಲ್ಲಿ ‘ಅವನ ಮುಂದಿನ ಕೋಣೆಯಲ್ಲಿ ಒಂದೆರಡು ಕುರ್ಚಿ ಇಲ್ಲ’ ಅನ್ನುವ ಮಾತಿದೆ. ನಾವು ಸ್ಕ್ರೂ ಲೂಸು ಅನ್ನುತ್ತೇವಲ್ಲ, ಹಾಗೆ. ಆದರೆ ನನಗೆ ಆ ಹೆಸರು ಕೇಳಿದಾಗಲೆಲ್ಲ ಕಣ್ಣಿಗೆ ಬರುವುದು ಕುರ್ಚಿ ಎತ್ತಿಟ್ಟ ಕೋಣೆ. ಮಾತಾಡಿದರೆ ಸ್ವಲ್ಪ ಪ್ರತಿಧ್ವನಿ ಬರುವಂಥ ಕೋಣೆ.

ಯಾರಾದರೂ ಹೇಳಿ ಮಾಡಿಸಿದರಾ ಅಂತ ಕೇಳಿದ್ದೀರಿ. ಇಲ್ಲ. ಇವರು ಹೊಸ ಹಾಡು ಬರೆಯುವ ವೇಗ ಹಾಗಿತ್ತು. ಮೊದಲ ಆಲ್ಬಂ ಕೇಳಿ ಬಂದ ಜನರ ಮುಂದೆ ಇನ್ನೂ ರೆಕಾರ್ಡ್ ಆಗದ ಹೊಸ ಹಾಡುಗಳನ್ನು ನುಡಿಸುತ್ತಿದ್ದರು. 1977, 1978, 1979, ವರ್ಷಕ್ಕೊಂದು ಆಲ್ಬಂ. ಮೂರೂ ಒಂದರಂತೆ ಒಂದಿಲ್ಲ.

ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ನನ್ನ ಸಲಹೆ: ಮೊದಲ ಆಲ್ಬಂನಿಂದಲೇ. ‘ಪಿಂಕ್ ಫ್ಲ್ಯಾಗ್’ ಶುರುವಾಗುವುದೇ ‘ರಾಯ್ಟರ್ಸ್’ ಹಾಡಿನಿಂದ, ಅದು ಎಷ್ಟು ನಿಧಾನ, ಎಷ್ಟು ಭಾರ ನೋಡಿ. ಆಮೇಲೆ ‘ಸ್ಟ್ರೇಂಜ್’ ಕೇಳಿ, ಅದು ಹೆಚ್ಚುಕಡಿಮೆ ನಾಲ್ಕು ನಿಮಿಷ ಇದೆ. ವೇಗದ ಹಾಡುಗಳ ಮಧ್ಯೆ ನೀವು ಇವೆರಡನ್ನು ದಾಟಿ ಹೋಗಿರಬಹುದು. ಅವೆರಡು ಕಿವಿಯಲ್ಲಿ ಇರುವಾಗಲೇ ‘ಚೇರ್ಸ್ ಮಿಸ್ಸಿಂಗ್’ಗೆ ಬನ್ನಿ. ಮೊದಲು ‘ಸ್ಯಾಂಡ್ ಇನ್ ಮೈ ಜಾಯಿಂಟ್ಸ್’, ಅದು ನಿಮಗೆ ಹಳೇ ಗೆಳೆಯನ ಹಾಗೆ ಸಿಗುತ್ತದೆ. ಆಮೇಲೆ ನೊಣದ ಹಾಡು. ಆಮೇಲೆ ‘ಔಟ್‌ಡೋರ್ ಮೈನರ್’. ‘ಮರ್ಸಿ’ಯನ್ನು ಸದ್ಯಕ್ಕೆ ಬಿಡಿ.

‘ಔಟ್‌ಡೋರ್ ಮೈನರ್’ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಎಷ್ಟು ಸಿಹಿಯಾದ ರಾಗ ಅಂದರೆ ಪ್ರೇಮಗೀತೆ ಅಂದುಕೊಳ್ಳುತ್ತೀರಿ. ಅದು ಒಂದು ಹುಳದ ಬಗ್ಗೆ. ಎಲೆಯ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಮಧ್ಯೆ ಇದ್ದುಕೊಂಡು ಒಳಗೊಳಗೇ ತಿನ್ನುತ್ತಾ ಹೋಗುವ ಮರಿಹುಳು. ಹೊರಗಿನಿಂದ ನೋಡಿದರೆ ಎಲೆ ಮೇಲೆ ಯಾರೋ ಬಿಳೀ ಗೆರೆ ಎಳೆದ ಹಾಗೆ ಕಾಣುತ್ತದೆ. ಕನ್ನಡದಲ್ಲಿ ಅದಕ್ಕೆ ರಂಗೋಲಿ ಹುಳು ಅನ್ನುತ್ತಾರೆ. ಬೇಸ್ ಗಿಟಾರ್ ನುಡಿಸುವ ಗ್ರಹಾಂ ಲೂಯಿಸ್ ಬರೆದ ಸಾಹಿತ್ಯ. ಆಲ್ಬಂನಲ್ಲಿ ಅದು ಎರಡು ನಿಮಿಷವೂ ಇಲ್ಲ. ಮೊದಲ ಆಲ್ಬಂನ ಅದೇ ನಿಯಮ: ಸಾಹಿತ್ಯ ಮುಗಿಯಿತು, ಹಾಡು ಮುಗಿಯಿತು.

ಹೈಹ್ಯಾಟ್ ಉತ್ತರಿಸಿದ್ದು:

ಸಡಿಲತಂತಿಯವರು ಗಿಟಾರ್ ಕಡೆಯಿಂದ ಹೇಳಿದರು. ನಾನು ಡ್ರಮ್ಸ್ ನುಡಿಸುತ್ತೇನೆ, ಆ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

‘ಹಾರ್ಟ್‌ಬೀಟ್’ ಸಿಡಿಯಲಿಲ್ಲ ಅಂತ ಪ್ರಶ್ನೆ ಕೇಳಿದವರು ಬರೆದಿದ್ದಾರೆ. ಒಂದು ಸಲ ಆ ಹಾಡಿನ ಜೊತೆ ನೀವೇ ಟೇಬಲ್ ಮೇಲೆ ಬೆರಳಿನಿಂದ ತಾಳ ಹಾಕಿ ನೋಡಿ. ಮೂರು ನಿಮಿಷ ಚಿಲ್ಲರೆ. ಹಾಡು ಸ್ವಲ್ಪ ಸ್ವಲ್ಪವೇ ಏರುತ್ತದೆ. ನಿಮ್ಮ ಕೈಗೆ ಜೋರಾಗಿ ಹೊಡೆಯುವ ಆಸೆ ಬರುತ್ತದೆ. ಅದನ್ನು ತಡೆಯುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಗುತ್ತದೆ. ನಾನು ಅಭ್ಯಾಸಕ್ಕೆ ಅದನ್ನು ಹಾಕಿಕೊಂಡು ಕೂತಾಗ ಮೊದಲ ಹತ್ತು ಸಲವೂ ಎರಡನೇ ನಿಮಿಷಕ್ಕೆ ಕೈ ತಪ್ಪಿ ಜೋರಾಗಿಬಿಡುತ್ತಿತ್ತು. ಬಲಗೈ ಮಣಿಕಟ್ಟು ಬಿಗಿದುಕೊಳ್ಳುತ್ತಿತ್ತು. ಜೋರಾಗಿ ನುಡಿಸಿದ್ದಕ್ಕಲ್ಲ, ಮೆತ್ತಗೆ ನುಡಿಸಬೇಕಲ್ಲ, ಅದಕ್ಕೆ.

ರಾಬರ್ಟ್ ಗೋಟೊಬೆಡ್ ಅವರ ಡ್ರಮ್ಸ್‌ನಲ್ಲಿ ಅಲಂಕಾರವೇ ಇಲ್ಲ. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಗುವಾಗ ನಾವೆಲ್ಲ ಒಂದು ರೋಲ್ ಹೊಡೆದು ‘ಈಗ ತಿರುವು ಬಂತು’ ಅಂತ ಹೇಳುತ್ತೇವೆ. ಅವರು ಅದನ್ನು ಹೇಳುವುದೇ ಇಲ್ಲ. ತಿರುವು ಬಂದಾಗ ಬರುತ್ತದೆ. ವೈರ್ ಶುರುವಾದಾಗ ಅವರು ಡ್ರಮ್ಸ್‌ಗೆ ಹೊಸಬರು. ಹೊಸಬರು ಸಾಮಾನ್ಯವಾಗಿ ಕಲಿತದ್ದನ್ನೆಲ್ಲ ತೋರಿಸಲು ಹೋಗುತ್ತಾರೆ. ಇವರು ಬೇಕಾದ್ದನ್ನು ಮಾತ್ರ ಕಲಿತರು. ಮುಂದೆಯೂ ಅದನ್ನು ಬಿಡಲಿಲ್ಲ. ನನಗೆ ಅವರ ಮೇಲೆ ಇರುವ ಗೌರವ ಇಷ್ಟು ಅಷ್ಟು ಅಲ್ಲ.

ಎರಡು ಆಲ್ಬಂಗಳ ಡ್ರಮ್ಸ್ ಮಾತ್ರ ಹಿಡಿದು ಕೇಳಿದರೆ ವ್ಯತ್ಯಾಸ ತುಂಬಾ ಕಡಿಮೆ. ಮೊದಲನೆಯದರಲ್ಲಿ ಅದೇ ಕೈ ಬೇಗ ಓಡುತ್ತದೆ, ಎರಡನೆಯದರಲ್ಲಿ ನಡೆಯುತ್ತದೆ. ಹೊಸ ಆಲ್ಬಂನಲ್ಲಿ ದಾರಿ ತಪ್ಪಿದ ಹಾಗೆ ಅನ್ನಿಸಿದರೆ ಹೈಹ್ಯಾಟ್ (ಡ್ರಮ್ಸ್ ಜೊತೆಗಿರುವ ಜೋಡಿ ತಾಳದ ತಟ್ಟೆ) ಸದ್ದು ಹಿಡಿದುಕೊಳ್ಳಿ. ಅದು ಎಲ್ಲಿಗೂ ಹೋಗಿಲ್ಲ, ಇದ್ದಲ್ಲೇ ಇದೆ. ‘ಪ್ರಾಕ್ಟಿಸ್ ಮೇಕ್ಸ್ ಪರ್ಫೆಕ್ಟ್’ ಅಂತ ಮೊದಲ ಹಾಡಿದೆಯಲ್ಲ, ಅದನ್ನು ಹೀಗೆ ಕೇಳಿದರೆ ಭಯ ಜಾಸ್ತಿಯಾಗುತ್ತದೆ. ಮೇಲೆ ಏನೇನೋ ನಗು, ಏನೇನೋ ಮಾತು. ಕೆಳಗೆ ತಾಳ ಮಾತ್ರ ಏನೂ ಆಗಿಲ್ಲ ಅನ್ನುವ ಹಾಗೆ ಹೋಗುತ್ತಿರುತ್ತದೆ.

ಮೊದಲಪಕ್ಷ ಉತ್ತರಿಸಿದ್ದು:

ನಾನು ಒಪ್ಪುವುದಿಲ್ಲ. ಪ್ರಶ್ನೆ ಕೇಳಿದವರ ಕಿವಿ ಸರಿಯಾಗಿಯೇ ಇದೆ, ಅವರನ್ನು ಬದಲಾಯಿಸಲು ಹೋಗಬೇಡಿ.

ಸಡಿಲತಂತಿಯವರೇ, ‘ತೆಗೆಯುವುದೇ ವೈರ್ ಕೆಲಸ’ ಅಂದಿರಿ. ಕೇಳಲು ಚೆನ್ನಾಗಿದೆ. ಆದರೆ ಎರಡನೇ ಆಲ್ಬಂನಲ್ಲಿ ಸೇರಿಸಿದ್ದೇನು ಕಡಿಮೆಯೇ? ಥಾರ್ನ್ ಕೀಬೋರ್ಡ್, ಸಿಂಥ್ ನುಡಿಸಿದ್ದಾರೆ. ಕೊಳಲು ಕೂಡ ಇದೆ, ಕೇಟ್ ಲೂಕಸ್ ನುಡಿಸಿದ್ದು. ‘ಔಟ್‌ಡೋರ್ ಮೈನರ್’ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ರೆಕಾರ್ಡ್ ಆಗಿ ಬಂದಾಗ ಚಿಕ್ಕದಾಯಿತು ಅಂತ ಮಧ್ಯದಲ್ಲಿ ಪಿಯಾನೋ ಸೋಲೋ ಹಾಕಿ ಉದ್ದ ಮಾಡಿದರು. ಸೋಲೋ! ಸೋಲೋ ಬೇಡ ಅಂತ ಶುರುವಾದ ಬ್ಯಾಂಡ್ ಅದು. ಅಷ್ಟು ಮಾಡಿಯೂ ಬ್ರಿಟನ್ನಿನ ಸಿಂಗಲ್ ಮಾರಾಟದ ಪಟ್ಟಿಯಲ್ಲಿ ಅದು 51ನೇ ಸ್ಥಾನಕ್ಕೆ ನಿಂತಿತು.

ನನಗೆ ‘ಪಿಂಕ್ ಫ್ಲ್ಯಾಗ್’ ಯಾಕೆ ದೊಡ್ಡದು ಅಂದರೆ, ಅದನ್ನು ಕೇಳಿದವರಿಗೆಲ್ಲ ‘ಇದನ್ನು ನಾನೂ ಮಾಡಬಹುದು’ ಅನ್ನಿಸುತ್ತದೆ. ಅನ್ನಿಸಿದ್ದು ಮಾತ್ರ ಅಲ್ಲ, ಮಾಡಿದರು ಕೂಡ. ಅಮೆರಿಕದ ಮೈನರ್ ಥ್ರೆಟ್ ‘12ಎಕ್ಸ್‌ಯು’ ನುಡಿಸಿದರು. ಆರ್‌ಇಎಂ 1987ರ ತಮ್ಮ ಆಲ್ಬಂನಲ್ಲಿ ‘ಸ್ಟ್ರೇಂಜ್’ ಹಾಡಿದರು. ಎಲಾಸ್ಟಿಕಾ ಬ್ಯಾಂಡಿನ ‘ಕನೆಕ್ಷನ್’ ಶುರುವಾಗುವ ಗಿಟಾರ್, ‘ತ್ರೀ ಗರ್ಲ್ ರುಂಬಾ’ದ ಗಿಟಾರ್, ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ಆ ವಿಷಯ ರಾಜಿ ಒಪ್ಪಂದದವರೆಗೂ ಹೋಯಿತು. ಬೇರೆ ಬೇರೆ ಊರಿನ, ಬೇರೆ ಬೇರೆ ಥರದ ಮೂರು ಬ್ಯಾಂಡ್. ಮೂವರೂ ತಮ್ಮ ಮನೆ ಕಟ್ಟಲು ಇಟ್ಟಿಗೆ ತಗೊಂಡಿದ್ದು ಇದೊಂದೇ ಆಲ್ಬಂನಿಂದ.

ನಾನು 19ನೇ ವಯಸ್ಸಿನಲ್ಲಿ ಗಿಟಾರ್ ಕಲಿತದ್ದೇ ಅದನ್ನು ಹಾಕಿಕೊಂಡು. ನನಗೆ ಮೂರು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಬರುತ್ತಿತ್ತು. ಆ ಮೂರು ಸಾಕು ಅಂತ ಹೇಳಿದ ಮೊದಲ ಆಲ್ಬಂ ಅದು. ‘ಚೇರ್ಸ್ ಮಿಸ್ಸಿಂಗ್’ ನನ್ನ ಕೈಗೆ ಆಗ ಬಂದಿದ್ದರೆ ನಾನು ಗಿಟಾರ್ ಗೋಡೆಗೆ ಒರಗಿಸಿಟ್ಟು ಸುಮ್ನೆ ಕೇಳುಗನಾಗಿ ಉಳಿದುಬಿಡುತ್ತಿದ್ದೆ. ಅದು ಸುಂದರವಾದ ಆಲ್ಬಂ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಅದು ಸ್ಟುಡಿಯೋ ಇರುವವರ ಆಲ್ಬಂ.

ಸಡಿಲತಂತಿ ಉತ್ತರಿಸಿದ್ದು:

ಮೊದಲಪಕ್ಷ ಅವರೇ, ಗಿಟಾರ್ ಕಲಿತ ಮಾತು ಓದಿ ನನಗೆ ನನ್ನದೇ ನೆನಪಾಯಿತು. ಅದರಲ್ಲಿ ನಿಮ್ಮ ಜೊತೆ ಜಗಳವಿಲ್ಲ. ಪಿಯಾನೋ ವಿಷಯದಲ್ಲೂ ನೀವು ಹೇಳಿದ್ದು ಸರಿ, ಆ ಉದ್ದದ ಸಿಂಗಲ್ ನನಗೂ ಅಷ್ಟಾಗಿ ರುಚಿಸುವುದಿಲ್ಲ. ಎಲೆಯೊಳಗೆ ಕತ್ತಲಲ್ಲಿ ತೆವಳುವ ಹುಳದ ಹಾಡಿಗೆ ಮಧ್ಯದಲ್ಲಿ ದೊಡ್ಡ ಕಿಟಕಿ ತೆರೆದ ಹಾಗಾಗುತ್ತದೆ. ಸೇರಿಸಿದ್ದಾರೆ ಅನ್ನುವುದನ್ನೂ ಒಪ್ಪುತ್ತೇನೆ. ನಾನು ‘ತೆಗೆದರು’ ಅಂತ ಒಂದೇ ಉಸಿರಿಗೆ ಹೇಳಿದ್ದು ಜಾಸ್ತಿಯಾಯಿತು.

ಆದರೆ ಸೇರಿಸಿದ್ದು ಹೇಗೆ ಅಂತ ನೋಡಿ. ‘ಅನದರ್ ದ ಲೆಟರ್’ನಲ್ಲಿ ಸಿಂಥ್ ಹುಚ್ಚು ಹಿಡಿದ ಹಾಗೆ ಓಡುತ್ತದೆ, ಒಂದು ನಿಮಿಷ ಆಗುತ್ತಿದ್ದ ಹಾಗೆ ಹಾಡೇ ಮುಗಿಯುತ್ತದೆ. ಅದರಲ್ಲಿ ಸಿಂಥ್ ಬೆಣ್ಣೆ ಸವರಲು ಬಂದಿಲ್ಲ. ಗಿಟಾರ್ ಮಾಡುತ್ತಿದ್ದ ಕೆಲಸವನ್ನೇ ವಹಿಸಿಕೊಂಡಿದೆ. ಆ ಕಾಲದಲ್ಲಿ ಸಿಂಥ್ ಅಂದರೆ ಪಂಕ್ ಜನಕ್ಕೆ ಆಗುತ್ತಿರಲಿಲ್ಲ, ಅದು ಹಳೇ ದೊಡ್ಡ ಬ್ಯಾಂಡ್‌ಗಳ ಆಡಂಬರ ಅನ್ನಿಸುತ್ತಿತ್ತು. ವೈರ್ ರೆಕಾರ್ಡ್ ಬಂದದ್ದು ಹಾರ್ವೆಸ್ಟ್ ಲೇಬಲ್‌ನಲ್ಲಿ, ಪಿಂಕ್ ಫ್ಲಾಯ್ಡ್ ಇದ್ದ ಲೇಬಲ್. ಆ ಹೆಸರಿನ ಕೆಳಗೆ, ಆ ವಾದ್ಯ ಹಿಡಿದು, ಒಂದು ನಿಮಿಷದ ಹಾಡು ಮಾಡುವುದಕ್ಕೆ ಧೈರ್ಯ ಬೇಕು ಅಲ್ವಾ? ಇದೇ ಮೈಕ್ ಥಾರ್ನ್ ಮುಂದೆ 1981ರಲ್ಲಿ ಸಾಫ್ಟ್ ಸೆಲ್ ಅನ್ನುವ ಜೋಡಿಯ ಜೊತೆ ‘ಟೇಂಟೆಡ್ ಲವ್’ ಹಾಡು ಮಾಡಿದರು. ಅದರಲ್ಲೂ ಸಿಂಥ್ ಎಷ್ಟು ಕಡಿಮೆ ಮಾತಾಡುತ್ತದೆ ನೋಡಿ.

ಇಟ್ಟಿಗೆ ತಗೊಂಡವರ ವಿಷಯ ಬಂತು. ‘ಔಟ್‌ಡೋರ್ ಮೈನರ್’ ಹಾಡನ್ನು ಲಷ್ ಬ್ಯಾಂಡ್ ಮತ್ತೆ ಹಾಡಿದೆ. ಗಿಟಾರ್ ಮಂಜಿನ ಹಾಗೆ ಕವಿಯುವ ಶೂಗೇಜ್ ಬ್ಯಾಂಡ್ ಅದು. ಅವರಿಗೆ ಬೇಕಾದ ಇಟ್ಟಿಗೆ ಎರಡನೇ ಆಲ್ಬಂನಲ್ಲಿ ಸಿಕ್ಕಿತು.

ಇನ್ನು ವೈರ್ ಅವರೇ ಮೊದಲ ಆಲ್ಬಂ ಬಗ್ಗೆ ಏನು ಮಾಡಿದರು ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ. 1987ರಲ್ಲಿ ಅಮೆರಿಕ ಪ್ರವಾಸಕ್ಕೆ ಹೋದಾಗ ಹಳೇ ಹಾಡು ನುಡಿಸಲ್ಲ ಅಂದರು. ಆದರೆ ಜನಕ್ಕೆ ಅವು ಬೇಕು ಅಂತಲೂ ಗೊತ್ತಿತ್ತು. ಅದಕ್ಕೆ ಎಕ್ಸ್-ಲಯನ್ ಟೇಮರ್ಸ್ ಅನ್ನುವ ಬೇರೆ ಬ್ಯಾಂಡನ್ನೇ ಜೊತೆಗೆ ಕರೆದುಕೊಂಡು ಹೋದರು. ಅವರು ಮೊದಲು ವೇದಿಕೆಗೆ ಬಂದು ‘ಪಿಂಕ್ ಫ್ಲ್ಯಾಗ್’ ನುಡಿಸುವುದು, ಆಮೇಲೆ ವೈರ್ ಬಂದು ತಮ್ಮ ಹೊಸದನ್ನು ನುಡಿಸುವುದು. ಹಳೇ ಹಾಡುಗಳನ್ನು ಅವರು ಕೀಳಾಗಿ ನೋಡಲಿಲ್ಲ, ನೋಡಿಕೊಳ್ಳಲು ಬೇರೆಯವರ ಕೈಗೆ ಕೊಟ್ಟರು. 1978ರಲ್ಲೂ ಅವರ ಮನಸ್ಸು ಹೀಗೇ ಇತ್ತು ಅಂತ ನನಗೆ ಅನ್ನಿಸುತ್ತದೆ.

ಹೈಹ್ಯಾಟ್ ಉತ್ತರಿಸಿದ್ದು:

ಒಂದು ಸಣ್ಣ ಮಾತು. ಆ ಹೊತ್ತಿನಲ್ಲಿ ಬದಲಾದವರು ವೈರ್ ಒಬ್ಬರೇ ಅಲ್ಲ. ಬ್ರಿಟನ್ನಿನ ಇನ್ನೊಂದು ಬ್ಯಾಂಡ್ ಪಬ್ಲಿಕ್ ಇಮೇಜ್ ಲಿಮಿಟೆಡ್‌ನ ಎರಡನೇ ಆಲ್ಬಂ ‘ಮೆಟಲ್ ಬಾಕ್ಸ್’ 1979ರಲ್ಲಿ ಬಂತು, ದುಂಡನೆಯ ತಗಡಿನ ಡಬ್ಬಿಯಲ್ಲಿ ಮೂರು ರೆಕಾರ್ಡ್. ಬೇಸ್ ಎಷ್ಟು ಕೆಳಗೆ ಅಂದರೆ ನೆಲದಿಂದ ಬಂದ ಹಾಗೆ. ಜಾಯ್ ಡಿವಿಷನ್ ಬ್ಯಾಂಡಿನ 1980ರ ‘ಕ್ಲೋಸರ್’ನಲ್ಲಿ ಸಿಂಥ್ ಮುಂದೆ ಬಂತು. ಅದರ ಮೊದಲ ಹಾಡಿನಲ್ಲಿ ಪೀಟರ್ ಹುಕ್ ಮತ್ತು ಬರ್ನಾರ್ಡ್ ಸಮ್ನರ್ ಬೇಸ್, ಗಿಟಾರ್ ಅದಲು ಬದಲು ಮಾಡಿಕೊಂಡಿದ್ದಾರೆ. ವೈರ್ ಇವರೆಲ್ಲರಿಗಿಂತ ಮೊದಲು ಈ ತಿರುವು ತಗೊಂಡಿದ್ದು. ಜಾಯ್ ಡಿವಿಷನ್ ಮೊದಲ ಆಲ್ಬಂ ಆಗ ಇನ್ನೂ ಬಂದೇ ಇರಲಿಲ್ಲ.

ಅರ್ಧನಿಮಿಷ ಉತ್ತರಿಸಿದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ, ಕೇಳದೆ ಬರೆಯಬಾರದು ಅಂತ.

‘ರಾಯ್ಟರ್ಸ್’, ‘ಸ್ಟ್ರೇಂಜ್’ ಎರಡನ್ನೂ ಮತ್ತೆ ಕೇಳಿದೆ. ಸಡಿಲತಂತಿಯವರು ಹೇಳಿದ್ದು ನಿಜ. ‘ಸ್ಟ್ರೇಂಜ್’ ಬಂದಾಗ ನಾನು ಅರ್ಧ ಸಲ ಮುಂದಿನ ಹಾಡಿಗೆ ಹೋಗಿಬಿಡುತ್ತಿದ್ದೆ, ಅದು ಈಗ ನೆನಪಾಯಿತು. ಆಮೇಲೆ ಹೇಳಿದ ಕ್ರಮದಲ್ಲೇ ಬಂದೆ. ‘ಸ್ಯಾಂಡ್ ಇನ್ ಮೈ ಜಾಯಿಂಟ್ಸ್’ ಮೊದಲ ಸಲವೇ ಹಿಡಿಯಿತು. ನೊಣದ ಹಾಡನ್ನು ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ಕೇಳಿದೆ. ಆ ಸದ್ದು ಹತ್ತಿರ ಬಂದಾಗ ನನ್ನ ಕೈ ತಾನಾಗಿ ಕಿವಿ ಹತ್ತಿರ ಹೋಯಿತು.

ಆದರೆ ನನಗೆ ಬಾಗಿಲು ತೆರೆದದ್ದು ನೀವು ಯಾರೂ ಹೇಳದ ‘ಮರೂನ್ಡ್’. ಹಿಮಗಡ್ಡೆಯ ಮೇಲೆ ಸಿಕ್ಕಿಹಾಕಿಕೊಂಡ ಒಬ್ಬ ಮನುಷ್ಯ. ಅದು ತೇಲುತ್ತಾ ಬೆಚ್ಚಗಿನ ನೀರಿಗೆ ಬರುತ್ತಿದೆ. ನೀರು ಬೆಚ್ಚಗಾದಷ್ಟೂ ಅವನು ನಿಂತಿರುವ ಜಾಗ ಚಿಕ್ಕದಾಗುತ್ತಿದೆ. ಇಂಥದ್ದನ್ನು ಹೇಳುವಾಗ ಕೂಗಬಹುದಿತ್ತು. ನ್ಯೂಮನ್ ಕೂಗುವುದಿಲ್ಲ. ಹವಾಮಾನ ಹೇಳುವ ಹಾಗೆ ಹೇಳುತ್ತಾರೆ. ಮೊದಲ ಆಲ್ಬಂನ ವೇಗದಲ್ಲಿ ಈ ಹಾಡು ಮಾಡಿದ್ದರೆ ಆ ಗಡ್ಡೆ ಕರಗುವುದೇ ಗೊತ್ತಾಗುತ್ತಿರಲಿಲ್ಲ. ಇದು ಹೊಳೆದ ಮೇಲೆ ತಕ್ಷಣ ‘ಹಾರ್ಟ್‌ಬೀಟ್’ ಹಾಕಿದೆ. ಹೈಹ್ಯಾಟ್ ಅವರು ಹೇಳಿದ ಹಾಗೆ ಟೇಬಲ್ ಮೇಲೆ ಬೆರಳು ಇಟ್ಟುಕೊಂಡು ಕೂತೆ. ನಿಜವಾಗಲೂ ಕಷ್ಟ. ಎರಡು ನಿಮಿಷ ಆಗುವಷ್ಟರಲ್ಲಿ ಬೆರಳು ಜೋರಾಗಿತ್ತು. ಮತ್ತೆ ಮೊದಲಿನಿಂದ ಹಾಕಿದೆ.

ಮೊದಲಪಕ್ಷ ಅವರಿಗೂ ಒಂದು ಮಾತು. ನಿಮ್ಮ ಉತ್ತರ ಓದಿದ ಮೇಲೆ ‘ಪಿಂಕ್ ಫ್ಲ್ಯಾಗ್’ ಮೇಲಿನ ಪ್ರೀತಿ ಇನ್ನೂ ಜಾಸ್ತಿಯಾಯಿತು. ಗೆಳೆಯನ ಹತ್ತಿರ ಒಂದು ಹಳೇ ಗಿಟಾರ್ ಇದೆ, ಎರವಲು ಕೇಳಿದ್ದೇನೆ. ಆ ಮೂರು ಕಾರ್ಡ್ ಯಾವುವು ಅಂತ ಹೇಳಿ. ‘12ಎಕ್ಸ್‌ಯು’ ಮೊದಲು ಕಲಿಯಬೇಕು ಅಂತ ಆಸೆ.

‘ಮರ್ಸಿ’ ಮಾತ್ರ ಇನ್ನೂ ನನಗೆ ಉದ್ದ ಅನ್ನಿಸುತ್ತಿದೆ. ನಾಲ್ಕನೇ ನಿಮಿಷದ ಹತ್ತಿರ ಗಮನ ಎಲ್ಲೋ ಹೋಗುತ್ತದೆ. ಅದನ್ನು ಹೇಗೆ ಕೇಳಬೇಕು?

ಸಡಿಲತಂತಿ ಉತ್ತರಿಸಿದ್ದು:

‘ಮರೂನ್ಡ್’ ಬಗ್ಗೆ ನೀವು ಬರೆದದ್ದನ್ನು ಎರಡು ಸಲ ಓದಿದೆ. ಇಷ್ಟು ವರ್ಷ ಕೇಳಿದ್ದೇನೆ, ಹವಾಮಾನ ಹೇಳುವ ಹಾಗೆ ಅನ್ನುವ ಮಾತು ನನಗೆ ಹೊಳೆದಿರಲಿಲ್ಲ. ಇವತ್ತು ರಾತ್ರಿ ಮತ್ತೆ ಹಾಕುತ್ತೇನೆ.

‘ಮರ್ಸಿ’ಗೆ ಒಂದು ದಾರಿ ಇದೆ. ಬೇರೆ ಹಾಡುಗಳ ಮಧ್ಯೆ ಕೇಳಬೇಡಿ, ಅದೊಂದನ್ನೇ ಹಾಕಿ. ಸ್ವಲ್ಪ ಜೋರಾಗಿ ಇಡಿ. ಗಿಟಾರ್ ಎರಡಿವೆ, ನ್ಯೂಮನ್ ಅವರದ್ದು ಮತ್ತು ಗಿಲ್ಬರ್ಟ್ ಅವರದ್ದು. ಯಾವುದು ಯಾರದ್ದು ಅಂತ ಬಿಡಿಸಲು ಹೋಗಬೇಡಿ. ಒಂದನ್ನು ಹಿಡಿದು ಕೊನೆಯವರೆಗೂ ಅದರ ಜೊತೆಗೇ ಹೋಗಿ. ಮರುದಿನ ಇನ್ನೊಂದನ್ನು ಹಿಡಿಯಿರಿ.

ಮೊದಲಪಕ್ಷ ಉತ್ತರಿಸಿದ್ದು:

ಅರ್ಧನಿಮಿಷ ಅವರೇ, ಇ, ಎ, ಡಿ. ಈ ಮೂರರಿಂದ ಶುರು ಮಾಡಿ. ‘12ಎಕ್ಸ್‌ಯು’ ಎರಡು ನಿಮಿಷದ ಹಾಡು, ಆದರೆ ವೇಗಕ್ಕೆ ಕೈ ಒಗ್ಗಲು ಎರಡು ವಾರ ಬೇಕು. ಮೊದಲು ಅರ್ಧ ವೇಗದಲ್ಲಿ ನುಡಿಸಿ. ಎಲ್ಲ ಹೊಡೆತವನ್ನೂ ಕೆಳಮುಖವಾಗಿ ಹೊಡೆಯಿರಿ, ಮೇಲೆ ಕೆಳಗೆ ಬೇಡ. ಕೈ ನೋಯುತ್ತದೆ, ನೋಯಲಿ. ಆ ಹಾಡಿನ ಗಟ್ಟಿತನ ಇರುವುದು ಅಲ್ಲೇ. ಗಿಟಾರ್ ಕೈಗೆ ಬಂದ ದಿನ ಇಲ್ಲಿ ಬರೆಯಿರಿ.